ವಾರ್ಡ್ ಚುನಾವಣೆ: ಮತ ಯಾಚನೆಗೆ ಮೊದಲು ಮಾಡಬೇಕಾದ ಕೆಲಸ

(ಬೆಂಗಳೂರಿನ ಪಶ್ಚಿಮ ಭಾಗದ ವಾರ್ಡ್ ಮಟ್ಟದ ಕಾರ್ಯಕರ್ತರ ಸಭೆಯೊಂದರಲ್ಲಿ ಮಾಡಿದ ಭಾಷಣದ ಲಿಖಿತ ರೂಪ)



ಚುನಾವಣೆ ಎಂದೊಡನೆ ನಮ್ಮ ಕಣ್ಣ ಮುಂದೆ ಬರುವುದು ಧ್ವನಿವರ್ಧಕ, ಬಾವುಟ, ತೆರೆದ ಜೀಪು ಮತ್ತು ಹಾರ ತುರಾಯಿ. ಇದು ಲೋಕಸಭೆ, ವಿಧಾನಸಭೆಗಳ ಚುನಾವಣೆಗಳು ನಮ್ಮ ಮನಸ್ಸಿನಲ್ಲಿ ಮೂಡಿಸಿದ ಚಿತ್ರ. ನಗರಪಾಲಿಕೆಯ ವಾರ್ಡ್ ಚುನಾವಣೆಯನ್ನೂ ನಾವು ಅದೇ ಚಿತ್ರದ ಸಣ್ಣ ಪ್ರತಿ ಎಂದು ತಿಳಿದುಕೊಂಡಿದ್ದೇವೆ. ಈ ತಪ್ಪು ತಿಳುವಳಿಕೆಯೇ ಸಾಮಾನ್ಯ ನಾಗರಿಕನನ್ನು ಚುನಾವಣಾ ಕಣದಿಂದ ದೂರವಿಟ್ಟಿದೆ. ಅಷ್ಟು ಹಣ ಎಲ್ಲಿಂದ ತರಲಿ, ಅಷ್ಟು ಜನರನ್ನು ಎಲ್ಲಿಂದ ಕರೆಯಲಿ ಎಂದು ಪ್ರಾಮಾಣಿಕನಾದವನು ಹಿಂದೆ ಸರಿಯುತ್ತಾನೆ. ಹಣ ಚೆಲ್ಲಬಲ್ಲವನು, ಜನರನ್ನು ಬಾಡಿಗೆಗೆ ತರಬಲ್ಲವನು ಮುಂದೆ ಬರುತ್ತಾನೆ. ಆ ಬಳಿಕ ಐದು ವರ್ಷಗಳ ಕಾಲ ನಾವು ತುಂಬಿ ಹರಿಯುವ ಚರಂಡಿಯ ಪಕ್ಕದಲ್ಲಿ ನಿಂತು ಅವನನ್ನು ದೂರುತ್ತೇವೆ.

ಇಂದು ನಾನು ನಿಮ್ಮ ಮುಂದಿಡಬಯಸುವ ವಿಚಾರ ಒಂದೇ. ವಾರ್ಡ್ ಚುನಾವಣೆಯ ಗೆಲುವು ಪ್ರಚಾರದ ಹದಿನೈದು ದಿನಗಳಲ್ಲಿ ನಿರ್ಧಾರವಾಗುವುದಿಲ್ಲ. ಅದಕ್ಕೆ ಮೊದಲಿನ ವರ್ಷಗಳಲ್ಲಿ ಅಭ್ಯರ್ಥಿಯೂ ಅವನ ಸಂಗಾತಿಗಳೂ ಎಷ್ಟು ಬಾಗಿಲುಗಳನ್ನು ತಟ್ಟಿದ್ದಾರೆ, ಯಾತಕ್ಕಾಗಿ ತಟ್ಟಿದ್ದಾರೆ ಎಂಬುದರಿಂದ ಅದು ನಿರ್ಧಾರವಾಗುತ್ತದೆ. ಒಂದೊಂದು ಬಾಗಿಲನ್ನೂ ಕನಿಷ್ಠ ಮೂರು ಬಾರಿ ತಟ್ಟಬೇಕು. ಮೊದಲನೆಯದು ಮತದಾರರ ಪಟ್ಟಿಗಾಗಿ, ಎರಡನೆಯದು ಅಹವಾಲಿಗಾಗಿ, ಮೂರನೆಯದು ಮಾತ್ರ ಮತಕ್ಕಾಗಿ. ನಮ್ಮಲ್ಲಿ ಬಹುತೇಕರು ನೇರವಾಗಿ ಮೂರನೆಯದಕ್ಕೇ ಹೋಗುತ್ತಾರೆ.

ಈ ಮಾತಿನ ಮಹತ್ವ ಮನವರಿಕೆಯಾಗಬೇಕಾದರೆ ನಮ್ಮ ನಗರದ ಇತ್ತೀಚಿನ ಇತಿಹಾಸವನ್ನು ಸ್ವಲ್ಪ ನೆನಪಿಸಿಕೊಳ್ಳಬೇಕು. 2007ರಲ್ಲಿ ಹಳೆಯ ಮಹಾನಗರಪಾಲಿಕೆಯ 100 ವಾರ್ಡುಗಳೊಂದಿಗೆ ಏಳು ನಗರಸಭೆಗಳು, ಒಂದು ಪುರಸಭೆ ಮತ್ತು ನೂರಕ್ಕೂ ಹೆಚ್ಚು ಹಳ್ಳಿಗಳನ್ನು ಸೇರಿಸಿ ಬೃಹತ್ ಬೆಂಗಳೂರು ಮಹಾನಗರಪಾಲಿಕೆಯನ್ನು ರಚಿಸಲಾಯಿತು. ಆ ಒಂದು ಪುರಸಭೆ ನಮ್ಮ ಕೆಂಗೇರಿಯದು. ಬಳಿಕ 198 ವಾರ್ಡುಗಳಿಗೆ 2010ರ ಮಾರ್ಚ್ 28ರಂದು ಮತ್ತು 2015ರ ಆಗಸ್ಟ್ 22ರಂದು, ಹೀಗೆ ಎರಡು ಬಾರಿ ಚುನಾವಣೆ ನಡೆಯಿತು. ಎರಡನೆಯ ಪರಿಷತ್ತಿನ ಅವಧಿ 2020ರ ಸೆಪ್ಟೆಂಬರ್ 10ರಂದು ಮುಗಿಯಿತು. ಅಲ್ಲಿಂದ ಮುಂದಿನ ಐದು ವರ್ಷ, ಅಂದರೆ ಒಂದು ಪರಿಷತ್ತಿನ ಪೂರ್ಣ ಅವಧಿಯಷ್ಟು ಕಾಲ, ಈ ಮಹಾನಗರದಲ್ಲಿ ಒಬ್ಬನೇ ಒಬ್ಬ ಚುನಾಯಿತ ಕಾರ್ಪೊರೇಟರ್ ಇರಲಿಲ್ಲ. ಸರಕಾರ ನೇಮಿಸಿದ ಆಡಳಿತಾಧಿಕಾರಿಗಳೇ ನಗರವನ್ನು ನಡೆಸಿದರು.

ಸಂವಿಧಾನದ 74ನೇ ತಿದ್ದುಪಡಿ 1993ರ ಜೂನ್‌ನಲ್ಲಿ ಜಾರಿಗೆ ಬಂದಿತು. ನಗರಸಂಸ್ಥೆಯ ಅವಧಿ ಐದು ವರ್ಷ. ಆ ಅವಧಿ ಮುಗಿಯುವ ಮೊದಲೇ ಮುಂದಿನ ಚುನಾವಣೆ ನಡೆದಿರಬೇಕು ಎಂದು ಅದು ವಿಧಿಸುತ್ತದೆ. ಅಹಮದಾಬಾದ್ ನಗರಪಾಲಿಕೆಯ ಪ್ರಕರಣದಲ್ಲಿ 2006ರಲ್ಲಿ ಸುಪ್ರೀಂ ಕೋರ್ಟು ಇದನ್ನು ಮತ್ತಷ್ಟು ಸ್ಪಷ್ಟಪಡಿಸಿತು. ಹೀಗಿದ್ದೂ ನಮ್ಮಲ್ಲಿ ನಡೆದುದೇನು? ವಾರ್ಡುಗಳ ಸಂಖ್ಯೆ 198ರಿಂದ 2022ರಲ್ಲಿ 243 ಆಯಿತು. 2023ರಲ್ಲಿ 225 ಆಯಿತು. ಆಮೇಲೆ ಗ್ರೇಟರ್ ಬೆಂಗಳೂರು ಆಡಳಿತ ಕಾಯಿದೆ ಬಂದು, 2025ರ ಸೆಪ್ಟೆಂಬರಿನಲ್ಲಿ ನಗರ ಐದು ಪಾಲಿಕೆಗಳಾಗಿ ವಿಭಜನೆಗೊಂಡಿತು. ಅದೇ ವರ್ಷದ ನವೆಂಬರಿನಲ್ಲಿ ಐದೂ ಪಾಲಿಕೆಗಳಿಗೆ ಒಟ್ಟು 369 ವಾರ್ಡುಗಳನ್ನು ಅಂತಿಮಗೊಳಿಸಲಾಯಿತು. ಬೆಂಗಳೂರು ಪಶ್ಚಿಮ ನಗರಪಾಲಿಕೆಗೆ ಸಿಕ್ಕಿದ್ದು 112 ವಾರ್ಡುಗಳು. ಐದು ಪಾಲಿಕೆಗಳಲ್ಲಿ ಇದೇ ಅತಿ ಹೆಚ್ಚು.

ಗಡಿ ಬದಲಾಗುತ್ತಾ, ಮೀಸಲಾತಿ ಬದಲಾಗುತ್ತಾ, ನ್ಯಾಯಾಲಯಗಳಲ್ಲಿ ವಾದ ನಡೆಯುತ್ತಾ ವರ್ಷಗಳು ಉರುಳಿದಾಗ ನಷ್ಟವಾದುದು ಯಾರಿಗೆ? ಶಾಸಕರಿಗೂ ಅಲ್ಲ, ಅಧಿಕಾರಿಗಳಿಗೂ ಅಲ್ಲ. ಬೀದಿದೀಪ ಕೆಟ್ಟಾಗ ಯಾರ ಮನೆಗೆ ಹೋಗಬೇಕೆಂದು ತಿಳಿಯದ ನಾಗರಿಕನಿಗೆ. ಕಾರ್ಪೊರೇಟರ್ ಎಷ್ಟೇ ಅಸಮರ್ಥನಾಗಿರಲಿ, ಅವನ ಮನೆ ನಮ್ಮ ಬೀದಿಯಿಂದ ನಡೆದು ಹೋಗುವಷ್ಟು ದೂರದಲ್ಲಿರುತ್ತದೆ. ಅಧಿಕಾರಿಯ ವಿಷಯದಲ್ಲಿ ಹಾಗೆ ಹೇಳಲಾಗದು. ಪ್ರತಿನಿಧಿಯೇ ಇಲ್ಲದ ಆ ಐದು ವರ್ಷಗಳು ಪ್ರತಿನಿಧಿಯ ಬೆಲೆಯನ್ನು ನಮಗೆ ಕಲಿಸಿವೆ ಎಂದಾದರೆ ಆ ಪಾಠವನ್ನು ಕಳೆದುಕೊಳ್ಳಬಾರದು.

ಈಗ ಸ್ವಲ್ಪ ಲೆಕ್ಕ ಹಾಕೋಣ. 2011ರ ಜನಗಣತಿಯ ಪ್ರಕಾರ ಬೃಹತ್ ಬೆಂಗಳೂರಿನ ಜನಸಂಖ್ಯೆ 84 ಲಕ್ಷಕ್ಕೂ ಹೆಚ್ಚು. 198 ವಾರ್ಡುಗಳಿದ್ದಾಗ ಸರಾಸರಿ ಒಂದು ವಾರ್ಡಿಗೆ ಸುಮಾರು 42 ಸಾವಿರ ಜನ. ಅದೇ ಜನಸಂಖ್ಯೆಯನ್ನು 369ರಿಂದ ಭಾಗಿಸಿದರೆ 23 ಸಾವಿರಕ್ಕಿಂತ ಕಡಿಮೆ. ಅಂದರೆ ವಾರ್ಡು ಹೆಚ್ಚು ಕಡಿಮೆ ಅರ್ಧಕ್ಕೆ ಇಳಿಯಿತು. ಇನ್ನು ಮತದಾನದ ಪ್ರಮಾಣವನ್ನು ನೋಡಿ. 2010ರಲ್ಲಿ ಸುಮಾರು ಶೇ. 44, 2015ರಲ್ಲಿ ಸುಮಾರು ಶೇ. 49. ಅರ್ಧಕ್ಕಿಂತ ಹೆಚ್ಚು ಮಂದಿ ಮತಗಟ್ಟೆಯ ಕಡೆಗೆ ತಲೆ ಹಾಕಲಿಲ್ಲ. ಒಂದು ವಾರ್ಡಿನಲ್ಲಿ 20 ಸಾವಿರ ಮತದಾರರಿದ್ದಾರೆಂದು ಭಾವಿಸೋಣ. ಅರ್ಧದಷ್ಟು ಮಂದಿ ಮತ ಚಲಾಯಿಸಿದರೆ 10 ಸಾವಿರ. ತ್ರಿಕೋನ ಸ್ಪರ್ಧೆ ಇದ್ದರೆ ನಾಲ್ಕು ಸಾವಿರ ಮತಗಳಲ್ಲಿ ಗೆಲುವು ಸಿಗಬಹುದು. ನಾಲ್ಕು ಸಾವಿರ ಮತವೆಂದರೆ ಸುಮಾರು ಒಂದೂವರೆ ಸಾವಿರ ಮನೆಗಳು. ಹತ್ತು ಮಂದಿಯ ಒಂದು ತಂಡ ವಾರದಲ್ಲಿ ಒಂದು ಭಾನುವಾರ ತಲಾ ಹದಿನೈದು ಮನೆಗಳಿಗೆ ಹೋದರೂ ಹತ್ತು ವಾರಗಳಲ್ಲಿ ಇಷ್ಟು ಮನೆಗಳನ್ನು ಮುಟ್ಟಬಹುದು. ಇದಕ್ಕೆ ಬೇಕಾದುದು ಕೋಟಿ ಹಣವಲ್ಲ. ಹತ್ತು ಜೊತೆ ಚಪ್ಪಲಿ ಮತ್ತು ತಾಳ್ಮೆ.

ಇದು ಬರೀ ಕಾಗದದ ಲೆಕ್ಕವೇ? ಅಲ್ಲ. 2015ರ ಫಲಿತಾಂಶವನ್ನು ಗಮನಿಸಿ. 198 ಸ್ಥಾನಗಳ ಪೈಕಿ ಬಿಜೆಪಿ 100, ಕಾಂಗ್ರೆಸ್ 76, ಜೆಡಿಎಸ್ 14 ಗಳಿಸಿದವು. ಉಳಿದ ಎಂಟರಲ್ಲಿ ಏಳು ಮಂದಿ ಪಕ್ಷೇತರರು. ಒಂದು ಸ್ಥಾನ ಎಸ್‌ಡಿಪಿಐಗೆ ಹೋಯಿತು. ದೊಡ್ಡ ಪಕ್ಷಗಳ ಅಬ್ಬರದ ನಡುವೆ ಎಂಟು ವಾರ್ಡುಗಳ ಮತದಾರರು ಬೇರೆ ದಾರಿ ಹಿಡಿದರು. ಅಷ್ಟೇ ಅಲ್ಲ, ಅತಿ ಹೆಚ್ಚು ಸ್ಥಾನ ಗಳಿಸಿದ ಪಕ್ಷಕ್ಕೆ ಮೇಯರ್ ಸ್ಥಾನ ದಕ್ಕಲಿಲ್ಲ. ಮೇಯರ್ ಆಯ್ಕೆಯಲ್ಲಿ ನಗರದ ಶಾಸಕರು, ಸಂಸದರಿಗೂ ಮತವಿತ್ತು. ಜೆಡಿಎಸ್ ಮತ್ತು ಪಕ್ಷೇತರರ ಬೆಂಬಲದಿಂದ ಕಾಂಗ್ರೆಸ್‌ನ ಮಂಜುನಾಥ ರೆಡ್ಡಿಯವರು ಮೇಯರ್ ಆದರು. ಬೆರಳೆಣಿಕೆಯ ಪಕ್ಷೇತರರು ರಾತ್ರಿ ಬೆಳಗಾಗುವುದರೊಳಗೆ ಬೆಲೆಯುಳ್ಳವರಾದರು. ಆ ಬೆಲೆಯನ್ನು ವಾರ್ಡಿನ ಒಳಿತಿಗಾಗಿ ಬಳಸಬೇಕೇ, ಸ್ವಂತದ ಏಳಿಗೆಗಾಗಿ ಬಳಸಬೇಕೇ ಎಂಬ ಪ್ರಶ್ನೆ ಅಂಥ ಪ್ರತಿಯೊಬ್ಬ ಸದಸ್ಯನಿಗೂ ಎದುರಾಗುತ್ತದೆ. ಗೆದ್ದ ಮೇಲೆ ಉತ್ತರ ಹುಡುಕುವುದಕ್ಕಿಂತ ಸ್ಪರ್ಧಿಸುವ ಮೊದಲೇ ಮತದಾರರ ಮುಂದೆ ಅದನ್ನು ಹೇಳಿಬಿಡುವುದು ಲೇಸು.

ಮೊದಲ ಭೇಟಿ: ಪಟ್ಟಿ

ಈಗ ಮೊದಲ ಭೇಟಿಯ ವಿಷಯಕ್ಕೆ ಬರೋಣ. ಪಾಲಿಕೆ ಚುನಾವಣೆಯನ್ನು ನಡೆಸುವುದು ರಾಜ್ಯ ಚುನಾವಣಾ ಆಯೋಗ. ಆದರೆ ವಾರ್ಡಿನ ಮತದಾರರ ಪಟ್ಟಿ ತಯಾರಾಗುವುದು ವಿಧಾನಸಭಾ ಕ್ಷೇತ್ರದ ಪಟ್ಟಿಯಿಂದ. ಅಲ್ಲಿ ಹೆಸರಿಲ್ಲದಿದ್ದರೆ ಇಲ್ಲಿಯೂ ಇರುವುದಿಲ್ಲ. ಹೊಸ ಸೇರ್ಪಡೆಗೆ ನಮೂನೆ 6, ಹೆಸರು ತೆಗೆಯಲು ಅಥವಾ ಆಕ್ಷೇಪಿಸಲು ನಮೂನೆ 7, ತಿದ್ದುಪಡಿಗೆ ಮತ್ತು ವಿಳಾಸ ಬದಲಾವಣೆಗೆ ನಮೂನೆ 8. ಈ ಮೂರು ನಮೂನೆಗಳನ್ನು ತಪ್ಪಿಲ್ಲದೆ ತುಂಬಬಲ್ಲ ಒಬ್ಬ ಹುಡುಗ ಅಥವಾ ಹುಡುಗಿ ಪ್ರತಿ ಬೀದಿಗೂ ಇದ್ದರೆ ಅದು ನೂರು ಬ್ಯಾನರುಗಳಿಗಿಂತ ಮೇಲು.

ಪಶ್ಚಿಮ ಬೆಂಗಳೂರಿನಲ್ಲಿ ಈ ಕೆಲಸ ಒಂದೊಂದು ಕಡೆ ಒಂದೊಂದು ತೆರನಾಗಿರುತ್ತದೆ. ಕಾಮಾಕ್ಷಿಪಾಳ್ಯ, ಅಗ್ರಹಾರ ದಾಸರಹಳ್ಳಿಯಂತಹ ಕಡೆ ಸಣ್ಣ ಕಾರ್ಖಾನೆಗಳ ಕಾರ್ಮಿಕರು ಬಾಡಿಗೆ ಮನೆಗಳಲ್ಲಿರುತ್ತಾರೆ. ಕರಾರು ಮುಗಿದೊಡನೆ ಪಕ್ಕದ ಬೀದಿಗೆ ಹೋಗುತ್ತಾರೆ, ಹೆಸರು ಹಳೆಯ ವಿಳಾಸದಲ್ಲೇ ಉಳಿಯುತ್ತದೆ. ಅಂತಹ ಮನೆಗಳಿಗೆ ಹಗಲು ಹೋಗಿ ಪ್ರಯೋಜನವಿಲ್ಲ. ರಾತ್ರಿ ಎಂಟರ ಹೊತ್ತಿಗೆ ಅಥವಾ ವಾರದ ರಜೆಯಂದು ಹೋಗಬೇಕು. ಬಸವೇಶ್ವರನಗರ, ರಾಜಾಜಿನಗರಗಳ ಬಡಾವಣೆಗಳಲ್ಲಿ ಸ್ವಂತ ಮನೆಯವರ ಸಂಘಗಳಿವೆ. ಅಲ್ಲಿ ಹೆಸರು ಪಟ್ಟಿಯಲ್ಲಿರುತ್ತದೆ. ಆದರೆ ಮಕ್ಕಳು ಪರದೇಶದಲ್ಲಿರುತ್ತಾರೆ, ತೀರಿಕೊಂಡವರ ಹೆಸರುಗಳು ಹಾಗೆಯೇ ಉಳಿದಿರುತ್ತವೆ. ಕೆಂಗೇರಿಯ ಕಡೆಗೆ ಹೊಸ ಅಪಾರ್ಟ್‌ಮೆಂಟುಗಳು ಎದ್ದಿವೆ. ಅಲ್ಲಿ ಕಾವಲುಗಾರನನ್ನು ದಾಟಿ ಒಳಗೆ ಹೋಗಬೇಕಾದರೆ ಒಳಗಿನವರೇ ಒಬ್ಬರು ನಮ್ಮ ಜೊತೆಗಿರಬೇಕು. ಒಂದೇ ಬಗೆಯ ಕರಪತ್ರವನ್ನು ಈ ಮೂರೂ ಕಡೆ ಹಂಚುವವನು ತನ್ನ ವಾರ್ಡನ್ನು ಅರಿತವನಲ್ಲ.

ಪಟ್ಟಿಯ ವಿಷಯದಲ್ಲಿ ಎಚ್ಚರ ಏಕೆ ಬೇಕು ಎಂಬುದಕ್ಕೆ 2022ರ ನವೆಂಬರಿನ ಘಟನೆಯೇ ಸಾಕ್ಷಿ. ಮತದಾರರ ಜಾಗೃತಿಗೆಂದು ಅನುಮತಿ ಪಡೆದ ಖಾಸಗಿ ಸಂಸ್ಥೆಯೊಂದರ ಕಡೆಯವರು ಸರಕಾರಿ ಮತಗಟ್ಟೆ ಅಧಿಕಾರಿಗಳೆಂದು ಹೇಳಿಕೊಂಡು ಮನೆಮನೆಗಳಿಂದ ಖಾಸಗಿ ವಿವರಗಳನ್ನು ಸಂಗ್ರಹಿಸಿದರೆಂಬ ಆರೋಪ ಬೆಂಗಳೂರಿನಲ್ಲಿ ಕೇಳಿಬಂತು. ಅನುಮತಿ ರದ್ದಾಯಿತು. ಶಿವಾಜಿನಗರ, ಚಿಕ್ಕಪೇಟೆ ಮತ್ತು ಮಹದೇವಪುರ ಕ್ಷೇತ್ರಗಳಲ್ಲಿ ಆ ವರ್ಷ ನಡೆದ ಎಲ್ಲ ಸೇರ್ಪಡೆ, ಅಳಿಸುವಿಕೆಗಳನ್ನು ಸಂಪೂರ್ಣವಾಗಿ ಮರುಪರಿಶೀಲಿಸಬೇಕೆಂದು ಕೇಂದ್ರ ಚುನಾವಣಾ ಆಯೋಗ ಆದೇಶಿಸಿತು. ಇದರಲ್ಲಿ ನಮಗೆ ಎರಡು ಪಾಠಗಳಿವೆ. ಒಂದು, ನಮ್ಮ ಹೆಸರು ಪಟ್ಟಿಯಲ್ಲಿದೆಯೇ ಎಂದು ಚುನಾವಣೆಯ ದಿನ ನೋಡುವುದು ಮೂರ್ಖತನ. ಕರಡು ಪಟ್ಟಿ ಪ್ರಕಟವಾದಾಗಲೇ ಬೂತುವಾರು ನೋಡಬೇಕು. ಎರಡು, ಇತರರ ವಿವರಗಳು ನಮ್ಮ ಕೈಗೆ ಬಂದಾಗ ಅದು ನಮ್ಮಲ್ಲಿಟ್ಟ ಒತ್ತೆ. ಮನೆಯವರ ಮೊಬೈಲ್ ಸಂಖ್ಯೆ, ಗುರುತಿನ ಚೀಟಿಯ ನಕಲನ್ನು ಇನ್ನೊಬ್ಬರಿಗೆ ಕೊಡುವ ಕಾರ್ಯಕರ್ತ ನಮ್ಮ ತಂಡದಲ್ಲಿ ಇರಕೂಡದು.

ಈ ಮೊದಲ ಭೇಟಿಯಲ್ಲಿ ಅಭ್ಯರ್ಥಿಯ ಹೆಸರನ್ನು ಎತ್ತಬೇಡಿ. ಎದುರು ಪಕ್ಷದವರೆಂದು ಗೊತ್ತಿರುವ ಮನೆಗೂ ಹೋಗಿ, ಅವರ ಮಗಳ ಹೆಸರನ್ನೂ ಪಟ್ಟಿಗೆ ಸೇರಿಸಿ ಬನ್ನಿ. ಅವರು ನಮಗೆ ಮತ ಕೊಡಲಿ, ಕೊಡದಿರಲಿ, ಆ ಬೀದಿಯಲ್ಲಿ ನಮ್ಮ ಬಗ್ಗೆ ಕೆಟ್ಟ ಮಾತು ಹುಟ್ಟುವುದು ಕಷ್ಟವಾಗುತ್ತದೆ.

ಎರಡನೆಯ ಭೇಟಿ: ಅಹವಾಲು

ಎರಡನೆಯ ಭೇಟಿಗೆ ಒಂದು ನೋಟ್‌ಬುಕ್ ಬೇಕು. ನೀರು, ಒಳಚರಂಡಿ, ಕಸ, ದೀಪ, ಗುಂಡಿ, ಪಾದಚಾರಿ ಮಾರ್ಗ, ನಾಯಿಗಳ ಕಾಟ. ಮನೆಯವರು ಹೇಳಿದುದನ್ನು ದಿನಾಂಕ ಸಹಿತ ಬರೆದುಕೊಳ್ಳಿ. ಆದರೆ ಇಲ್ಲಿ ಅಭ್ಯರ್ಥಿಗಳಾದವರು ಒಂದು ದೊಡ್ಡ ತಪ್ಪು ಮಾಡುತ್ತಾರೆ. ಕೇಳಿದ್ದಕ್ಕೆಲ್ಲ "ಆಗಲಿ, ಮಾಡಿಸೋಣ" ಎಂದುಬಿಡುತ್ತಾರೆ. ವಸ್ತುತಃ ಕಾರ್ಪೊರೇಟರ್‌ನ ಅಧಿಕಾರ ನಾವು ತಿಳಿದಷ್ಟು ವಿಶಾಲವಲ್ಲ. ಕುಡಿಯುವ ನೀರು ಮತ್ತು ಒಳಚರಂಡಿ ಜಲಮಂಡಳಿಯ ಹೊಣೆ. ವಿದ್ಯುತ್ ಬೆಸ್ಕಾಂನದು. ಬಸ್ಸು ಸಾರಿಗೆ ಸಂಸ್ಥೆಯದು. ಮೆಟ್ರೋ ಅದರದೇ ನಿಗಮದ್ದು. ಬಡಾವಣೆಗಳನ್ನು ರಚಿಸುವುದು ಬಿಡಿಎ. ಕಸ ವಿಲೇವಾರಿಗೂ ಪ್ರತ್ಯೇಕ ಕಂಪೆನಿಯನ್ನು ಸ್ಥಾಪಿಸಲಾಗಿದೆ. ವಾರ್ಡಿನ ರಸ್ತೆ, ಮಳೆನೀರಿನ ಚರಂಡಿ, ಬೀದಿದೀಪ, ಉದ್ಯಾನ ಇವು ಪಾಲಿಕೆಯ ನೇರ ಕೆಲಸಗಳು.

ಯಾವ ದೂರು ಯಾವ ಕಚೇರಿಗೆ ಹೋಗಬೇಕೆಂದು ಬಲ್ಲವನು ಅಧಿಕಾರವಿಲ್ಲದೆಯೇ ಅರ್ಧ ಕೆಲಸ ಮಾಡಿಸಬಲ್ಲ. ದೂರು ಕೊಡಿ, ಸ್ವೀಕೃತಿ ಪಡೆಯಿರಿ, ಅದರ ಸಂಖ್ಯೆಯನ್ನು ಆ ಮನೆಯವರಿಗೇ ಕೊಡಿ. ಉತ್ತರ ಬಾರದಿದ್ದರೆ 2005ರ ಮಾಹಿತಿ ಹಕ್ಕು ಕಾಯಿದೆಯಡಿ ಅರ್ಜಿ ಹಾಕಿ. ನಿಮ್ಮ ಬೀದಿಯ ರಸ್ತೆಗೆ ಎಷ್ಟು ಬಿಲ್ಲು ಪಾವತಿಯಾಗಿದೆ ಎಂಬ ಒಂದು ಕಾಗದ ನಿಮ್ಮ ಕೈಯಲ್ಲಿದ್ದರೆ ಅದು ಒಂದು ಗಂಟೆಯ ಭಾಷಣಕ್ಕೆ ಸಮ. ಕೆಲಸ ಆಗಲಿಲ್ಲವೆಂದಾದರೆ ಆಗಲಿಲ್ಲವೆಂದು ಮತ್ತೆ ಹೋಗಿ ಹೇಳಿ. ಕೆಂಗೇರಿಯ ನಡುವೆ ಹರಿಯುವ ವೃಷಭಾವತಿಯನ್ನು ಒಂದು ವರ್ಷದಲ್ಲಿ ಶುದ್ಧಗೊಳಿಸುತ್ತೇನೆಂದು ವಾರ್ಡ್ ಸದಸ್ಯನಾಗುವವನು ಭರವಸೆ ಕೊಡಬಾರದು. ಅದು ಅವನೊಬ್ಬನ ಕೈಯಲ್ಲಿಲ್ಲ. ತನ್ನ ವಾರ್ಡಿನ ಯಾವ ಕಾಲುವೆಯಿಂದ ಕೊಳಚೆ ಹರಿದು ಆ ನದಿಗೆ ಸೇರುತ್ತದೆ ಎಂಬುದನ್ನು ಮಾತ್ರ ಅವನು ಬೆರಳಿಟ್ಟು ತೋರಿಸಬಲ್ಲವನಾಗಿರಬೇಕು.

ವಾರ್ಡ್ ಸಮಿತಿಯನ್ನೂ ಇಲ್ಲಿ ಮರೆಯುವಂತಿಲ್ಲ. ಮೂರು ಲಕ್ಷ ಮತ್ತು ಅದಕ್ಕಿಂತ ಹೆಚ್ಚು ಜನಸಂಖ್ಯೆಯ ನಗರಗಳಲ್ಲಿ ವಾರ್ಡ್ ಸಮಿತಿಗಳಿರಬೇಕೆಂಬುದು ಸಂವಿಧಾನದ ಆಶಯ. ನಮ್ಮಲ್ಲಿ ಅದು ಬಹುಕಾಲ ಕಾಗದದಲ್ಲೇ ಉಳಿದಿತ್ತು. ನಾಗರಿಕ ಸಂಘಟನೆಗಳ ಒತ್ತಾಯ ಮತ್ತು ಹೈಕೋರ್ಟಿನ ನಿರ್ದೇಶನಗಳ ಬಳಿಕವೇ ಸಭೆಗಳು ನಡೆಯತೊಡಗಿದವು. ಹಳೆಯ ಕಾಯಿದೆಯಲ್ಲಿ ಹತ್ತು ಸದಸ್ಯರ ಆ ಸಮಿತಿಯಲ್ಲಿ ಕನಿಷ್ಠ ಮೂವರು ಮಹಿಳೆಯರು, ಇಬ್ಬರು ಪರಿಶಿಷ್ಟ ಜಾತಿ ಪಂಗಡದವರು, ಇಬ್ಬರು ನಿವಾಸಿ ಸಂಘಗಳವರು ಇರಬೇಕಿತ್ತು. ಆ ಸಭೆಗೆ ಹೋಗಿ ಕೂರದವನು, ಅದರ ನಡಾವಳಿ ಓದದವನು ವಾರ್ಡಿಗೆ ಸ್ಪರ್ಧಿಸಲು ಹೊರಡುವುದು ಓದದೆ ಪರೀಕ್ಷೆ ಬರೆದಂತೆ.

ಮೀಸಲಾತಿ ಮತ್ತು ತಂಡ

ಸಹೋದರರೇ, ಇಲ್ಲಿ ಒಂದು ಪ್ರಶ್ನೆ ಉದ್ಭವಿಸುತ್ತದೆ. ವರ್ಷಗಟ್ಟಲೆ ದುಡಿದ ಬಳಿಕ ವಾರ್ಡು ಮೀಸಲಾಗಿಬಿಟ್ಟರೆ? 2015ರ ಚುನಾವಣೆಯಲ್ಲಿ ಅರ್ಧದಷ್ಟು ಸ್ಥಾನಗಳು ಮಹಿಳೆಯರಿಗೆ ಮೀಸಲಾಗಿದ್ದವು. ಪರಿಶಿಷ್ಟರಿಗೆ, ಹಿಂದುಳಿದ ವರ್ಗಗಳಿಗೆ ಬೇರೆ. ಪಟ್ಟಿ ಪ್ರಕಟವಾದ ದಿನ ಎಷ್ಟೋ ಆಕಾಂಕ್ಷಿಗಳ ಕನಸು ಕರಗುತ್ತದೆ. ಕೆಲವರು ಆ ರಾತ್ರಿಯೇ ಪತ್ನಿಯ ಹೆಸರಿನಲ್ಲಿ ಭಿತ್ತಿಪತ್ರ ಅಚ್ಚು ಹಾಕಿಸುತ್ತಾರೆ. ಅಡುಗೆಮನೆಯಿಂದ ಹೊರಬರಲು ಬಿಡದವರನ್ನು ಒಮ್ಮೆಲೇ ಕರಪತ್ರದಲ್ಲಿ ನಿಲ್ಲಿಸಿ, ಹೆಸರು ಅವರದು, ಅಧಿಕಾರ ನಮ್ಮದು ಎನ್ನುವುದು ಮಹಿಳೆಗೂ ಅವಮಾನ, ಮತದಾರನಿಗೂ ವಂಚನೆ.

ಪರಿಹಾರ ಸರಳವಾಗಿದೆ. ಒಬ್ಬ ವ್ಯಕ್ತಿಯನ್ನು ಬೆಳೆಸಬೇಡಿ, ತಂಡವನ್ನು ಬೆಳೆಸಿ. ಮೊದಲ ಭೇಟಿಯಿಂದಲೇ ತಂಡದಲ್ಲಿ ಅರ್ಧದಷ್ಟು ಮಹಿಳೆಯರಿರಲಿ. ನೀರು ಯಾವಾಗ ಬರುತ್ತದೆ, ಕಸದ ಆಟೋ ಎಷ್ಟು ದಿನಕ್ಕೊಮ್ಮೆ ಬರುತ್ತದೆ ಎಂಬುದು ಗಂಡಸರಿಗಿಂತ ಅವರಿಗೇ ಚೆನ್ನಾಗಿ ಗೊತ್ತು. ಬಾಗಿಲು ತೆರೆಯುವವರೂ ಬಹುತೇಕ ಅವರೇ. ನಮ್ಮ ಪಶ್ಚಿಮ ಭಾಗವೇ ಬೃಹತ್ ಪಾಲಿಕೆಗೆ ಇಬ್ಬರು ಮಹಿಳಾ ಮೇಯರ್‌ಗಳನ್ನು ಕೊಟ್ಟಿದೆ: 2014ರಲ್ಲಿ ಮೂಡಲಪಾಳ್ಯ ವಾರ್ಡಿನ ಶಾಂತಕುಮಾರಿ, 2016ರಲ್ಲಿ ಪ್ರಕಾಶನಗರ ವಾರ್ಡಿನ ಜಿ. ಪದ್ಮಾವತಿ. ಪಕ್ಷಗಳು ಬೇರೆ, ನಗರದ ಭಾಗ ಒಂದೇ. ಮೀಸಲಾತಿ ಯಾವುದೇ ಬರಲಿ, ತಂಡದಲ್ಲಿ ಅರ್ಹರೊಬ್ಬರು ಸಿದ್ಧರಿರಬೇಕು. ಉಳಿದವರು ಅವರ ಹಿಂದೆ ನಿಲ್ಲಬೇಕು.

ಸಗಟು ಮತದ ವ್ಯಾಪಾರ

ಇನ್ನು ನಮ್ಮ ಸಮುದಾಯದ ಒಳಗಿನ ಒಂದು ಕಾಯಿಲೆಯ ಬಗ್ಗೆ ಮಾತನಾಡದೆ ಇರಲಾಗದು. ಚುನಾವಣೆ ಹತ್ತಿರವಾದಂತೆ ಮೊಹಲ್ಲಾಗಳಲ್ಲಿ ಕೆಲವು ಮುಖಂಡರು ಪ್ರತ್ಯಕ್ಷರಾಗುತ್ತಾರೆ. ಇಷ್ಟು ಮತಗಳು ನನ್ನ ಕೈಯಲ್ಲಿವೆ ಎಂದು ಅಭ್ಯರ್ಥಿಯ ಜೊತೆ ಮಾತುಕತೆ ನಡೆಸುತ್ತಾರೆ. ಮತದಾರನಿಗೆ ಅದರ ಸುಳಿವೇ ಇರುವುದಿಲ್ಲ. ಹೀಗೆ ಸಗಟಾಗಿ ಮಾರಾಟವಾದ ಮತಕ್ಕೆ ಚಿಲ್ಲರೆಯಾಗಿ ಉತ್ತರ ಕೊಡುವ ಅಗತ್ಯ ಗೆದ್ದವನಿಗೆ ಬೀಳುವುದಿಲ್ಲ. ಅವನು ಮುಖಂಡನಿಗೆ ಉತ್ತರದಾಯಿ, ಬೀದಿಗಲ್ಲ. ಈ ರೋಗ ಒಂದು ಸಮುದಾಯಕ್ಕೆ ಮಾತ್ರ ಸೀಮಿತವೂ ಅಲ್ಲ. ಜಾತಿ ಸಂಘ, ಮಠ, ಬಡಾವಣೆಯ ಸಂಘಗಳ ಹೆಸರಿನಲ್ಲೂ ಇದೇ ವ್ಯಾಪಾರ ನಡೆಯುತ್ತದೆ. ಮನೆಮನೆ ಭೇಟಿಯೊಂದೇ ಇದಕ್ಕೆ ಮದ್ದು.

ಹಾಗೆಯೇ ಪ್ರಾರ್ಥನಾ ಸ್ಥಳಗಳನ್ನು ಪ್ರಚಾರದಿಂದ ಹೊರಗಿಡಿ. ಧರ್ಮ, ಜಾತಿ, ಭಾಷೆಗಳ ಹೆಸರಿನಲ್ಲಿ ಮತ ಕೇಳುವುದು ಭ್ರಷ್ಟ ಚುನಾವಣಾ ಕ್ರಮ ಎಂದು 2017ರ ಜನವರಿಯಲ್ಲಿ ಸುಪ್ರೀಂ ಕೋರ್ಟಿನ ಏಳು ನ್ಯಾಯಾಧೀಶರ ಪೀಠ ಬಹುಮತದಿಂದ ತೀರ್ಪಿತ್ತಿದೆ. ಕಾನೂನಿನ ಮಾತು ಹಾಗಿರಲಿ, ಬುದ್ಧಿವಂತಿಕೆಯೂ ಅದನ್ನೇ ಹೇಳುತ್ತದೆ. ಗುಂಡಿಗೆ ಜಾತಿಯಿಲ್ಲ. ಒಂದು ಸಮುದಾಯದ ಪ್ರತಿನಿಧಿಯಾಗಿ ಬಂದವನನ್ನು ವಾರ್ಡಿನ ಉಳಿದವರು ಅನುಮಾನದಿಂದ ನೋಡುತ್ತಾರೆ. ಇಡೀ ವಾರ್ಡಿನ ಪ್ರತಿನಿಧಿಯಾಗಿ ಬಂದವನಿಂದ ಅವನ ಸಮುದಾಯಕ್ಕೂ ಗೌರವ ಬರುತ್ತದೆ.

ಹಣದ ವಿಷಯದಲ್ಲಂತೂ ರಾಜಿಯೇ ಕೂಡದು. ಮತಕ್ಕಾಗಿ ಹಣ, ಸೀರೆ, ಕುಕ್ಕರ್ ಕೊಡುವುದು ಎಷ್ಟು ಅಪರಾಧವೋ ಪಡೆಯುವುದೂ ಅಷ್ಟೇ ಅಪರಾಧ. "ಎಲ್ಲರೂ ಕೊಡುತ್ತಾರೆ, ನಾವು ಕೊಡದಿದ್ದರೆ ಸೋಲುತ್ತೇವೆ" ಎಂಬ ವಾದವನ್ನು ನಾನು ಬಹಳ ಸಲ ಕೇಳಿದ್ದೇನೆ. ಕೊಟ್ಟವರೂ ಸೋತಿದ್ದಾರಲ್ಲ? ಕೊಟ್ಟು ಗೆದ್ದವನು ಮೊದಲ ದಿನದಿಂದಲೇ ಹಾಕಿದ ಬಂಡವಾಳವನ್ನು ಹಿಂದಕ್ಕೆ ಪಡೆಯುವ ದಾರಿ ಹುಡುಕುತ್ತಾನೆ. ಆ ದಾರಿ ನಮ್ಮ ರಸ್ತೆಯ ಡಾಂಬರಿನ ಮೂಲಕವೇ ಹಾದುಹೋಗುತ್ತದೆ. ಖರ್ಚಿಗೆ ವಾರ್ಡಿನ ಜನರಿಂದಲೇ ಸಣ್ಣ ಮೊತ್ತಗಳನ್ನು ರಸೀದಿ ಕೊಟ್ಟು ಪಡೆಯಿರಿ, ಲೆಕ್ಕವನ್ನು ಕಾಲಕಾಲಕ್ಕೆ ಎಲ್ಲರ ಮುಂದಿಡಿ. ನೂರು ರೂಪಾಯಿ ಕೊಟ್ಟವನು ಮತವನ್ನೂ ಕೊಡುತ್ತಾನೆ. ನಾಳೆ ಪ್ರಶ್ನೆಯನ್ನೂ ಕೇಳುತ್ತಾನೆ. ಎರಡೂ ಒಳ್ಳೆಯದೇ.

ಮೂರನೆಯ ಭೇಟಿ: ಮತ

ಇಷ್ಟೆಲ್ಲ ಮಾಡಿದವನಿಗೆ ಮೂರನೆಯ ಭೇಟಿ ಬಹಳ ಸುಲಭ. ಪರಿಚಯ ಹೇಳಬೇಕಿಲ್ಲ. ಮನೆಯವರ ಮತಗಟ್ಟೆ ಯಾವುದು, ಕ್ರಮಸಂಖ್ಯೆ ಎಷ್ಟು ಎಂಬ ಚೀಟಿ ಕೊಟ್ಟು, ಇಂಥವರು ನಿಂತಿದ್ದಾರೆ, ನಮ್ಮ ಕೆಲಸ ನೋಡಿದ್ದೀರಿ ಎಂದರೆ ಸಾಕು. ವಾರ್ಡಿನ ಗಡಿ ಬದಲಾದ ಕಡೆ ಈ ಚೀಟಿಗೆ ಇನ್ನೂ ಹೆಚ್ಚಿನ ಬೆಲೆ. ಹಳೆಯ ಶಾಲೆಯಲ್ಲೇ ಬೂತ್ ಎಂದು ತಿಳಿದು ಹೋಗಿ, ಹೆಸರಿಲ್ಲವೆಂದು ಹಿಂದಿರುಗುವವರು ಪ್ರತಿ ಚುನಾವಣೆಯಲ್ಲೂ ಇರುತ್ತಾರೆ.

ಮತದಾನದ ದಿನ ಬೂತಿಗೊಬ್ಬರು ಬೆಳಗಿನಿಂದ ಕೊನೆಯವರೆಗೆ ಏಜೆಂಟರಾಗಿ ಕುಳಿತಿರಬೇಕು. ಹೊರಗಿರುವ ಕಾರ್ಯಕರ್ತರು ಮಧ್ಯಾಹ್ನದ ಹೊತ್ತಿಗೆ ಯಾವ ಮನೆಯವರು ಇನ್ನೂ ಬಂದಿಲ್ಲ ಎಂದು ನೋಡಿ ಹೋಗಿ ನೆನಪಿಸಬೇಕು. ಮುದುಕರಿಗೆ, ಅಂಗವಿಕಲರಿಗೆ ಮತಗಟ್ಟೆಯಲ್ಲಿ ಮೆಟ್ಟಿಲಿದೆಯೇ, ಇಳಿಜಾರಿದೆಯೇ ಎಂದು ಮೊದಲೇ ನೋಡಿ ಅಧಿಕಾರಿಗೆ ತಿಳಿಸಬೇಕು. ಅರ್ಧಕ್ಕರ್ಧ ಜನ ಮನೆಯಲ್ಲೇ ಉಳಿಯುವ ನಗರದಲ್ಲಿ, ನಮ್ಮ ಪರವಾಗಿರುವವರನ್ನು ಮನೆಯಿಂದ ಹೊರಡಿಸುವುದೇ ಕೊನೆಯ ದಿನದ ಪ್ರಚಾರ.

ಸೋತರೆ? ಸೋಲುವ ಸಾಧ್ಯತೆ ಮೊದಲ ಸಲ ಹೆಚ್ಚೇ ಇರುತ್ತದೆ ಎಂಬುದನ್ನು ಅರಿತೇ ಇಳಿಯಿರಿ. ಆದರೆ ಸೋತ ಮರುದಿನ ಆ ನೋಟ್‌ಬುಕ್ ಹಿಡಿದು ಅದೇ ಬೀದಿಗೆ ಹೋದರೆ, ಮುಂದಿನ ಚುನಾವಣೆ ಅಂದೇ ಆರಂಭವಾಯಿತು ಎಂದು ತಿಳಿಯಿರಿ. ಗೆದ್ದರೂ ಅಷ್ಟೇ. ಗೆದ್ದವನ ಮನೆಯ ಮುಂದೆ ಗುತ್ತಿಗೆದಾರರ ಕಾರುಗಳ ಸಾಲು ಬೆಳೆದು, ದೂರು ತಂದವರ ಸಾಲು ಕರಗಿದರೆ, ಅವನನ್ನು ಕರೆದು ಪ್ರಶ್ನಿಸಬೇಕಾದವರು ಅವನೊಂದಿಗೆ ಬಾಗಿಲು ತಟ್ಟಿದ ನೀವೇ.

ಸಂವಿಧಾನ ನಮಗೆ ದೆಹಲಿಯ ಸಂಸತ್ತನ್ನು, ರಾಜ್ಯದ ವಿಧಾನಸೌಧವನ್ನು ಕೊಟ್ಟಿರುವಂತೆ ನಮ್ಮ ಬೀದಿಯ ವಾರ್ಡನ್ನೂ ಕೊಟ್ಟಿದೆ. ಸಂಸತ್ತಿಗೆ ಹೋಗಲು ಎಲ್ಲರಿಗೂ ಸಾಧ್ಯವಿಲ್ಲ. ಪಕ್ಕದ ಮನೆಗೆ ಹೋಗಿ, ನಿಮ್ಮ ಹೆಸರು ಮತದಾರರ ಪಟ್ಟಿಯಲ್ಲಿದೆಯೇ ಎಂದು ಕೇಳಲು ಇಲ್ಲಿ ಕುಳಿತಿರುವ ಪ್ರತಿಯೊಬ್ಬರಿಗೂ ಸಾಧ್ಯವಿದೆ. ಈ ಭಾನುವಾರ ಅಲ್ಲಿಂದಲೇ ಆರಂಭಿಸಿ ಎಂದು ವಿನಂತಿಸುತ್ತಾ ನನ್ನ ಮಾತು ಮುಗಿಸುತ್ತೇನೆ.